ಅಳಿವೆಯ ತಿರುವಿನಲ್ಲಿ ಹಿಡಿತ ತಪ್ಪುವ ದೋಣಿ

ಪ್ರೊಪೆಲ್ಲರ್ ನೀರಿನ ಹಿಡಿತ ಕಳೆದುಕೊಂಡಾಗ ಏಳುವ ಸದ್ದನ್ನು ಒಮ್ಮೆ ಕೇಳಿದವರು ಮರೆಯಲಾರರು. ಅದುವರೆಗೆ ಭಾರ ಹೊತ್ತು ದಪ್ಪ ದನಿಯಲ್ಲಿ ದುಡಿಯುತ್ತಿದ್ದ ಎಂಜಿನ್ ಒಮ್ಮೆಲೇ ಕಿರುಚುತ್ತದೆ. ಸುತ್ತು ತೋರಿಸುವ ಮೀಟರಿನ ಮುಳ್ಳು ಮೇಲಕ್ಕೆ ನೆಗೆಯುತ್ತದೆ. ದೋಣಿಯಾದರೋ, ಹಿಂದಿನಿಂದ ಯಾರೋ ಹಗ್ಗ ಹಿಡಿದು ಜಗ್ಗಿದಂತೆ ಕುಸಿದು ಕೂರುತ್ತದೆ. ಆ ದೋಣಿಯಲ್ಲಿ ನಾನು ಈ ಸದ್ದನ್ನು ಮೊದಲು ಕೇಳಿದ್ದು ಕುಂದಾಪುರದ ಬಳಿ ಕೋಡಿಯಲ್ಲಿರುವ ನನ್ನ ಶೆಡ್ಡಿನ ಎದುರು, ಹೊಳೆಯ ಶಾಂತ ನೀರಿನಲ್ಲಿ. ಆದ್ದರಿಂದ ಹೆದರಿಕೆಯಾಗಲಿಲ್ಲ, ಕಿರಿಕಿರಿಯಾಯಿತು.

ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗಳನ್ನು ಬಿಚ್ಚಿ, ತೊಳೆದು, ಜೋಡಿಸಿಕೊಡುವುದು ಈಗ ನನ್ನ ವೃತ್ತಿ. ಹಿಂದೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆನಾದ್ದರಿಂದ ಊರಿನವರಿಗೆ ಇಂದಿಗೂ ನಾನು ‘ಮಾಷ್ಟ್ರು’. ಆದರೆ ಆ ದೋಣಿ ನಾಡದೋಣಿಯಾಗಿರಲಿಲ್ಲ. ಅಣೆಕಟ್ಟಿನ ಹಿನ್ನೀರಿನಲ್ಲಿ ಗಾಳ ಬೀಸುವ ಹವ್ಯಾಸಿಗಳಿಗೆಂದು ಮಾಡಿದ, ಅವರು ‘ಬಾಸ್ ಬೋಟ್’ ಎಂದು ಕರೆಯುವ ಜಾತಿಯದು ಅದು. ಹದಿನೇಳು ಅಡಿ ಉದ್ದ, ಗಿಡ್ಡನೆಯ ಅಂಚು, ಹೆಚ್ಚುಕಡಿಮೆ ಚಪ್ಪಟೆಯಾದ ತಳ, ಮುಂಭಾಗದಲ್ಲಿ ನಿಂತು ಗಾಳ ಎಸೆಯಲು ಒಂದು ಸಮತಟ್ಟಾದ ಅಟ್ಟ, ಹಿಂಬದಿಯ ಹಲಗೆಯಲ್ಲಿ ಅರವತ್ತು ಅಶ್ವಶಕ್ತಿಯ ಎಂಜಿನ್.

ಅದನ್ನು ಸೆಕೆಂಡ್‌ಹ್ಯಾಂಡ್ ಆಗಿ ಕೊಂಡು ತಂದವರು ಕೋಡಿಯ ಒಬ್ಬ ಮೀನುಗಾರರು. ಪ್ರಾಯದಲ್ಲಿ ಮುಂಬಯಿಯ ಬೋಟುಗಳಲ್ಲಿ ದುಡಿದು, ಆಮೇಲೆ ಇಲ್ಲಿಯೇ ಬಲೆ ಹಾಕುತ್ತಿದ್ದವರು. ಒಮ್ಮೆ ಬಲೆಯ ಹಗ್ಗ ಸುತ್ತಿಕೊಂಡು ಬಲಭುಜದ ಕೀಲು ತಪ್ಪಿತು. ವೈದ್ಯರು ಅದನ್ನು ಕೂರಿಸಿದರಾದರೂ ಭಾರ ಎಳೆಯುವ ಶಕ್ತಿ ಮರಳಲಿಲ್ಲ. ಬಲೆ ಎಳೆಯಲಾಗದ ಮೀನುಗಾರನಿಗೆ ದಡದಲ್ಲಿ ಕುಳಿತು ಹರಿದ ಬಲೆ ಹೊಲಿಯುವ ಕೆಲಸವೊಂದು ಉಳಿಯುತ್ತದೆ. ಅದನ್ನು ಇವರು ಒಲ್ಲೆನೆಂದರು. ಗಾಳದ ಹವ್ಯಾಸಿಗಳನ್ನು, ಹೊಳೆ ಕಡಲು ಸೇರುವ ಅಳಿವೆಯಾಚೆಗಿನ ಬಂಡೆಗಳ ಬಳಿ ಕರೆದೊಯ್ದು, ಮೀನು ಹಿಡಿಸಿ, ಮರಳಿ ತರುವುದು ಅವರ ಯೋಜನೆ. ಅದಕ್ಕೆ ಚುಕ್ಕಾಣಿ ಹಿಡಿಯುವ ಒಂದು ಒಳ್ಳೆಯ ಕೈ ಸಾಕು. ಆದರೆ ಜನರನ್ನು ಕೂರಿಸಿಕೊಂಡು ಹೋಗಲು ಅನುಮತಿ ಬೇಕು. ಅನುಮತಿಗೆ ಪರಿಶೀಲನಾಧಿಕಾರಿಯ ಸಮಕ್ಷಮದಲ್ಲಿ ಪೂರ್ತಿ ಭಾರದೊಂದಿಗೆ ಅಳಿವೆ ದಾಟಿ ಹಿಂದಿರುಗಬೇಕು.

ದೋಣಿ ಮಾಲೀಕರ ಹೆಂಡತಿ ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುವವರು. ಆಕೆಯ ತಮ್ಮ ಇದೇ ಅಳಿವೆಯಲ್ಲಿ ದೋಣಿ ಮಗುಚಿ ತೀರಿಕೊಂಡಿದ್ದು ಕೋಡಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ದೋಣಿ ನನ್ನ ಶೆಡ್ಡಿಗೆ ಬಂದ ದಿನ ಆಕೆಯೂ ಬುಟ್ಟಿ ಸಮೇತ ಬಂದರು.

“ಮಾಷ್ಟ್ರೆ, ಇದ್ ದೋಣಿಯೋ ತೇಲೂ ಮಂಚವೋ?”

“ಮಂಚ ಅಲ್ಲ ಮಾರಾಯ್ತಿ, ಫೈಬರ್,” ಎಂದರು ಗಂಡ.

“ಎಂತದೇ ಆಯ್ಲಿ. ಈ ಮಂಚಕ್ಕೆ ನಾನ್ ಐಸ್ ತತ್ತಿಲ್ಲೆ ಕಾಣಿ.” ದೋಣಿಯ ನಡುವಿನ ದೊಡ್ಡ ಐಸ್ ಪೆಟ್ಟಿಗೆಗೆ ದಿನವೂ ಮಾರುಕಟ್ಟೆಯಿಂದ ಐಸ್ ತಂದುಕೊಡಬೇಕೆಂದು ಗಂಡ ಕೇಳಿದ್ದರಂತೆ. “ಮಾಷ್ಟ್ರ್ ಇದ್ರಗೆ ಕೂಕಂಡ್ ಅಳಿವೆ ದಾಂಟಿ ವಾಪಾಸ್ ಬರ್ಲಿ. ಐಸ್ ಮತ್ತೆ.”

“ನಾನೇಕೆ ಅಕ್ಕ?”

“ಸಮ ಮಾಡುದ್ ನೀವಲ್ದಾ? ಸಮ ಆಯ್ತ್ ಅಂಬವ್ರ್ ಅದ್ರಗೆ ಕೂಕಂಡೇ ಹೇಳ್ಕ್.”

ಮಾತು ನ್ಯಾಯವಾಗಿತ್ತು. ಒಪ್ಪಿದೆ.

ಯಾವುದೇ ಎಂಜಿನನ್ನು ಮುಟ್ಟುವ ಮೊದಲು ನಾನು ಕೇಳುವ ಪ್ರಶ್ನೆಯೊಂದಿದೆ. ಅದನ್ನು ಅವರಿಗೂ ಕೇಳಿದೆ: “ತಂದ ಮೇಲೆ ಇದರಲ್ಲಿ ಏನಾದರೂ ಬದಲಾವಣೆ ಮಾಡಿದ್ದೀರಾ?”

“ಎಂತದೂ ಇಲ್ಲೆ ಮಾಷ್ಟ್ರೆ. ಬಣ್ಣ ಬಳ್ದಿದ್ದೆ, ಪೂಜೆ ಮಾಡ್ಸಿದ್ದೆ. ಅಷ್ಟೆ.”

ನಾನು ಅದನ್ನು ನಂಬಿದೆ. ನಂಬದಿರಲು ಕಾರಣವೂ ಇರಲಿಲ್ಲ.

ದೋಣಿಯ ಮೊದಲ ದೋಷ ಸರಳವಾಗಿತ್ತು. ಅತಿಥಿಗಳ ಬದಲಿಗೆ ಮರಳಿನ ಚೀಲಗಳನ್ನು ಹೇರಿ, ಐಸ್ ಪೆಟ್ಟಿಗೆಯಲ್ಲಿಯೂ ಅವನ್ನೇ ತುಂಬಿ, ಥ್ರಾಟಲ್ ಪೂರ್ತಿ ತೆರೆದೆವು. ನಿಮಿಷಕ್ಕೆ ಐದು ಸಾವಿರದಿಂದ ಆರು ಸಾವಿರ ಸುತ್ತಿನ ನಡುವೆ ತಿರುಗಬೇಕಾದ ಎಂಜಿನ್ ನಾಲ್ಕು ಸಾವಿರದ ಆರುನೂರಕ್ಕೇ ಉಸಿರುಗಟ್ಟಿ ನಿಂತಿತು. ಪ್ರೊಪೆಲ್ಲರಿನ ಮೇಲೆ ಕೊರೆದ ಅಂಕಿ ನೋಡಿದೆ. ಪಿಚ್ ಹದಿನೈದು ಅಂಗುಲ. ಅಂದರೆ ಒಂದು ಸುತ್ತು ತಿರುಗಿದರೆ ಹದಿನೈದು ಅಂಗುಲ ಮುಂದೆ ಹೋಗಬೇಕೆಂದು ಅಲಗುಗಳನ್ನು ಓರೆ ಮಾಡಿದ್ದಾರೆ. ಒಬ್ಬಿಬ್ಬರು ಕುಳಿತು ಹಿನ್ನೀರಿನಲ್ಲಿ ಓಡಾಡುವುದಕ್ಕೆ ಅದು ಸರಿ. ತುಂಬಿದ ದೋಣಿಗೆ ಅದು ಗುಡ್ಡ ಹತ್ತುವಾಗಲೂ ಟಾಪ್ ಗೇರಿನಲ್ಲೇ ಇರುವ ಬಸ್ಸಿನಂತೆ. ಹದಿಮೂರು ಅಂಗುಲದ್ದನ್ನು ತರಿಸಿ ಹಾಕಿದೆ. ಸುತ್ತು ಐದು ಸಾವಿರವನ್ನು ದಾಟಿತು. ದೋಣಿ ಮೂತಿ ತಗ್ಗಿಸಿ ನೀರಿನ ಮೇಲೆ ಜಾರತೊಡಗಿತು. ಮಾಲೀಕರು ನಕ್ಕರು.

ನಗು ಮುಗಿಯುವ ಮೊದಲೇ, ಎದುರು ದಡದ ಗಂಗೊಳ್ಳಿಯ ಕಡೆಗೆ ತಿರುಗಿಸಲೆಂದು ಅವರು ಸ್ಟಿಯರಿಂಗ್ ಹೊರಳಿಸಿದರು. ಆಗ ಆ ಕಿರುಚಾಟ ಕೇಳಿಸಿತು.

ಮತ್ತೆ ನೇರ ಓಡಿಸಿದೆವು, ಸರಿಯಿತ್ತು. ತಿರುಗಿಸಿದೆವು, ಕಿರುಚಿತು. ಎಡಕ್ಕೂ ಹಾಗೆಯೇ, ಬಲಕ್ಕೂ ಹಾಗೆಯೇ. ಪ್ರೊಪೆಲ್ಲರಿಗೆ ನೀರಿನ ಜೊತೆ ಗಾಳಿ ಸಿಗುತ್ತಿದೆ ಎಂಬುದು ಲಕ್ಷಣ. ಆ ಗಾಳಿ ಎಲ್ಲಿಂದ ಬರುತ್ತಿದೆ ಎಂಬುದು ಕಾರಣ. ತರಗತಿಯಲ್ಲಿ ನಾನು ಈ ಎರಡನ್ನು ಬೆರೆಸಲು ಯಾರಿಗೂ ಬಿಟ್ಟವನಲ್ಲ, ಶೆಡ್ಡಿನಲ್ಲಿಯೂ ಬಿಡುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿ ಪರೀಕ್ಷಿಸಬೇಕು, ಫಲ ಸಿಗದಿದ್ದರೆ ಮೊದಲಿನ ಸ್ಥಿತಿಗೆ ತಂದು ಮುಂದಿನದಕ್ಕೆ ಹೋಗಬೇಕು. ತಪ್ಪಿರುವ ವಾಕ್ಯದಲ್ಲಿ ಒಮ್ಮೆಗೇ ಮೂರು ಪದ ತಿದ್ದಿದವನಿಗೆ ತಪ್ಪು ಯಾವುದೆಂಬುದು ಎಂದೂ ತಿಳಿಯುವುದಿಲ್ಲ.

ಮೊದಲ ಅನುಮಾನ ಪ್ರೊಪೆಲ್ಲರಿನೊಳಗಿನ ರಬ್ಬರ್ ಬುಶ್ ಮೇಲೆ. ಅದು ಸವೆದರೆ ಒಳಗಿನ ದಂಡ ತಿರುಗುತ್ತದೆ, ಹೊರಗಿನ ಅಲಗು ತಿರುಗುವುದಿಲ್ಲ; ಆಗಲೂ ಎಂಜಿನ್ ಹೀಗೆಯೇ ಕಿರುಚುತ್ತದೆ. ಒಳಗಿನ ಭಾಗಕ್ಕೂ ಹೊರಗಿನ ಭಾಗಕ್ಕೂ ಸೇರುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆದು, ಓಡಿಸಿ, ಬಿಚ್ಚಿ ನೋಡಿದೆ. ಗೆರೆ ತುಂಡಾಗಿರಲಿಲ್ಲ. ಬುಶ್ ನಿರಪರಾಧಿ.

ಎರಡನೆಯದು ಎಂಜಿನಿನ ಎತ್ತರ. ಪ್ರೊಪೆಲ್ಲರಿನ ಮೇಲುಗಡೆ ಒಂದು ಅಗಲವಾದ ತಟ್ಟೆಯಿರುತ್ತದೆ. ನೀರಿನ ಮೇಲ್ಮೈಯಿಂದ ಗಾಳಿ ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ಅದು ದೋಣಿಯ ತಳದ ಮಟ್ಟದ ಆಸುಪಾಸಿನಲ್ಲಿರಬೇಕು. ಇದರಲ್ಲಿ ಅದು ಹೆಚ್ಚು ಮೇಲಿತ್ತು. ದೋಣಿ ನೀರಿನಲ್ಲಿಯೇ ಇತ್ತಾದ್ದರಿಂದ ಹಿಂಬದಿಯ ಹಲಗೆಯ ಕೆಳಗೆ ಕೈ ಹಾಕಿ, ತಳದ ಅಂಚನ್ನು ಬೆರಳಿನಿಂದ ಮುಟ್ಟಿ, ಅಳತೆ ತೆಗೆದುಕೊಂಡೆ. ಅಂಚು ನುಣ್ಣಗಿತ್ತು. ಎಂಜಿನನ್ನು ಒಂದು ತೂತು ಕೆಳಗಿಳಿಸಿ ಬಿಗಿದೆ. ತಿರುವಿನಲ್ಲಿ ಕಿರುಚುವುದು ತುಸು ತಡವಾಯಿತು, ನಿಲ್ಲಲಿಲ್ಲ. ಮತ್ತೊಂದು ತೂತು ಇಳಿಸಿದೆ. ಈಗ ಎಂಜಿನ್ ನೀರನ್ನು ಉಳುತ್ತ ಹಿಂದೆಲ್ಲ ತುಂತುರು ಹಾರಿಸಿತು, ವೇಗ ಕುಗ್ಗಿತು. ಕಿರುಚಾಟ ಹಾಗೆಯೇ ಉಳಿಯಿತು. ತುಸುವಾದರೂ ಫಲ ಸಿಕ್ಕಿತ್ತಾದ್ದರಿಂದ ಎಂಜಿನನ್ನು ಅಲ್ಲಿಯೇ ಬಿಟ್ಟೆ.

ಪ್ರೊಪೆಲ್ಲರ್ ಬಿಚ್ಚಿದಾಗ ಅಲಗುಗಳ ಬುಡದಲ್ಲಿ ಬಣ್ಣ ಚುಕ್ಕಿಚುಕ್ಕಿಯಾಗಿ ಹೋಗಿರುವುದನ್ನು ಕಂಡೆ. ಹೊಳೆಯ ಮರಳು ತಾಗಿರಬೇಕೆಂದುಕೊಂಡೆ. ಅಲಗುಗಳ ಓರೆಯಲ್ಲಿ ವ್ಯತ್ಯಾಸವಿದೆಯೋ, ದಂಡ ಬಾಗಿದೆಯೋ ಎಂದು ನೋಡಿಸಲು ಎರಡನ್ನೂ ಬ್ರಹ್ಮಾವರದ ಲೇತ್ ಅಂಗಡಿಗೆ ಒಯ್ದೆ. ಎರಡೂ ನೇರವಾಗಿವೆ ಎಂದರು. ನಿರಾಶೆಯಾಯಿತು. ದೋಷವಿಲ್ಲವೆಂಬ ಮಾತು ಕೇಳಿ ನಿರಾಶೆಯಾಗುವುದು ಈ ವೃತ್ತಿಯ ವಿಚಿತ್ರ.

ಕೊನೆಗೆ ಬೈಂದೂರಿನಲ್ಲಿ ಇದೇ ಕೆಲಸ ಮಾಡುವ ಗೆಳೆಯನ ಬಳಿಗೆ ಹೋದೆ. ಅವನಲ್ಲಿ ನಾಲ್ಕು ಅಲಗಿನ ಒಂದು ಪ್ರೊಪೆಲ್ಲರ್ ಇತ್ತು. ಮೂರು ಅಲಗಿನದು ಬಿಟ್ಟುಕೊಡುವಲ್ಲಿ ನಾಲ್ಕು ಅಲಗಿನದು ನೀರನ್ನು ಇನ್ನಷ್ಟು ಹೊತ್ತು ಹಿಡಿದುಕೊಳ್ಳುತ್ತದೆ.

“ಹ್ವಾಯ್ ಮಾಷ್ಟ್ರೆ, ಮೂರ್ ಕಾಲಿಂದ್ ಜಾರ್ತ್. ನಾಲ್ಕ್ ಕಾಲಿಂದಾರೂ ನಿಲ್ಲತ್ತಾ ಕಾಣಿ.”

“ನಿಲ್ಲದಿದ್ದರೆ?”

“ನಿಲ್ದಿದ್ರೆ ಎಂತ, ಶಾಲೆಗ್ ವಾಪಾಸ್ ಹೋಯ್ನಿ. ಅಲ್ಲಿ ತಪ್ಪ್ ಮಾಡಿದ್ರೆ ಕೆಂಪ್ ಗೆರೆ. ಇಲ್ ತಪ್ಪ್ ಮಾಡಿದ್ರೆ ಜನ ಮುಳುಗ್ತ್ರ್.”

ತಮಾಷೆಗೆ ಹೇಳಿದ ಮಾತು. ಬಸ್ಸಿನಲ್ಲಿ ಪ್ರೊಪೆಲ್ಲರನ್ನು ತೊಡೆಯ ಮೇಲಿಟ್ಟುಕೊಂಡು ಕುಂದಾಪುರ ತಲಪುವವರೆಗೂ ಅದು ನನ್ನನ್ನು ಬಿಡಲಿಲ್ಲ.

ನಾಲ್ಕು ಅಲಗಿನದನ್ನು ಹಾಕಿದ ಮೇಲೆ, ಅಗಲವಾಗಿ ಬಳಸಿ ತಿರುಗಿಸಿದರೆ ದೋಣಿ ತಡೆದುಕೊಂಡಿತು. ಚಿಕ್ಕದಾಗಿ ತಿರುಗಿಸಿದರೆ ಮಾತ್ರ ಹಿಡಿತ ಬಿಡುತ್ತಿತ್ತು. ಅಷ್ಟರಲ್ಲಿ ಪರಿಶೀಲನಾಧಿಕಾರಿ ಮರುದಿನ ಬೆಳಗಿನ ಭರತಕ್ಕೆ, ಕಡಲು ಏರುವ ಹೊತ್ತಿಗೆ, ಬರುವುದಾಗಿ ಹೇಳಿ ಕಳುಹಿಸಿದ್ದರು. ಮಾಲೀಕರು ನನ್ನ ಮುಖ ನೋಡಿದರು.

“ಅಗ್ಲ ತಿರ್ಸುಕೆ ಜಾಗ ಇತ್ತ್ ಮಾಷ್ಟ್ರೆ ಅಳಿವೆಯಗೆ. ನಾನ್ ತಿರ್ಸ್ತೆ.”

“ಜಾಗ ಇದೆಯೆಂದು ಇಲ್ಲಿ ನಿಂತು ಹೇಳುವುದು ಬೇಡ. ಇವತ್ತೇ ಹೋಗಿ ನೋಡೋಣ.”

ನಮ್ಮ ಅಳಿವೆಯನ್ನು ಬಲ್ಲವರಿಗೆ ವಿವರಣೆ ಬೇಡ, ಉಳಿದವರಿಗಾಗಿ ಹೇಳುತ್ತೇನೆ. ಹೊಳೆಗಳೆಲ್ಲ ಕೂಡಿ ಕಡಲು ಸೇರುವ ಬಾಯಿಯ ಎರಡೂ ಕಡೆ ಕಲ್ಲಿನ ತಡೆಗೋಡೆಗಳಿವೆ. ನಡುವೆ ನೀರಿನಡಿಯಲ್ಲಿ ಮರಳಿನ ದಿಬ್ಬ. ಮಳೆಗಾಲ ಕಳೆದಂತೆಲ್ಲ ಅದು ಜಾಗ ಬದಲಿಸುತ್ತದೆ. ಆ ವರ್ಷ ಆಳವಾದ ದಾರಿ ನೇರವಾಗಿ ಬಂದು, ದಿಬ್ಬದ ಮಗ್ಗುಲಲ್ಲಿ ಒಮ್ಮೆಲೇ ಹೊರಳುತ್ತಿತ್ತು. ಹೊರಗೆ ಹೋಗುವುದು ಸುಲಭ: ತೆರೆ ಎದುರಿನಿಂದ ಬರುತ್ತದೆ, ಕಾಣುತ್ತದೆ. ಒಳಗೆ ಬರುವಾಗ ತೆರೆ ಬೆನ್ನ ಹಿಂದಿರುತ್ತದೆ. ಎರಡು ತೆರೆಗಳ ನಡುವೆ, ಮುಂದಿನದರ ಬೆನ್ನ ಮೇಲೆ, ಅದರದೇ ವೇಗದಲ್ಲಿ ಬರಬೇಕು. ಅಲ್ಲಿ ಎಂಜಿನಿನ ಬಲ ಕುಸಿದರೆ ಹಿಂದಿನ ತೆರೆ ದೋಣಿಯ ಹಿಂಬದಿಯನ್ನು ಎತ್ತಿ ಅಡ್ಡ ಹಾಕುತ್ತದೆ; ಅಡ್ಡ ಬಿದ್ದ ದೋಣಿಯನ್ನು ಅದರ ಹಿಂದಿನ ತೆರೆ ಮಗುಚುತ್ತದೆ. ಬಲ ಕುಸಿಯಬಾರದ ಜಾಗವೂ, ತಿರುಗಲೇಬೇಕಾದ ಜಾಗವೂ ಒಂದೇ.

ಹೊರಗೆ ಹೋದೆವು. ಕಡಲು ತೀರ ಒರಟಾಗಿರಲಿಲ್ಲ. ಮಾಲೀಕರು ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಬಲಗೈಯನ್ನು ಮೊಣಕೈ ಊರಿ ಥ್ರಾಟಲ್ ಮೇಲಿಟ್ಟಿದ್ದರು. ಆಚೆ ಹೋಗಿ ತಿರುಗಿಸಿ, ತೆರೆಗಳನ್ನು ಎಣಿಸುತ್ತ ಕಾದರು. ದೊಡ್ಡವು ಮೂರು ಹೋದ ಮೇಲೆ, “ಹಿಡ್ಕಣಿ” ಎಂದು ಥ್ರಾಟಲ್ ತೆರೆದರು. ತಡೆಗೋಡೆಗಳು ಎರಡೂ ಕಡೆಯಿಂದ ಹತ್ತಿರ ಬಂದವು. ದಿಬ್ಬದ ಮೇಲೆ ನೀರು ಬೆಳ್ಳಗೆ ಒಡೆಯುತ್ತಿತ್ತು. ಅಗಲವಾಗಿ ಬಳಸಲು ಅವರು ಎಣಿಸಿದ ಜಾಗದಲ್ಲಿ ನೊರೆ ಕುದಿಯುತ್ತಿದ್ದುದು ಇಬ್ಬರಿಗೂ ಒಟ್ಟಿಗೇ ಕಂಡಿರಬೇಕು. ಅವರು ಚಿಕ್ಕದಾಗಿ ತಿರುಗಿಸಿದರು.

ಎಂಜಿನ್ ಕಿರುಚಿತು.

ದೋಣಿ ಕುಸಿಯಿತು. ಹಿಂದೆ ನೋಡಬಾರದಿತ್ತು, ನೋಡಿದೆ. ತೆರೆ ನನ್ನ ತಲೆಯಿಂದ ಮೇಲಿತ್ತು. ಹಿಂಬದಿ ಏಳತೊಡಗಿತು, ಮೂತಿ ಓರೆಯಾಗಿ ದಿಬ್ಬದ ಕಡೆ ಹೊರಳಿತು, ಗಿಡ್ಡ ಅಂಚಿನ ಮೇಲಿಂದ ನೀರು ಒಳಗೆ ಸುರಿಯಿತು. ಅಂಥ ಗಳಿಗೆಯಲ್ಲಿ ಎಲ್ಲ ಕೈಗಳೂ ಬಯಸುವುದು ಥ್ರಾಟಲನ್ನು ಇನ್ನೂ ಒತ್ತುವುದನ್ನು. ಒತ್ತಿದರೆ ಪ್ರೊಪೆಲ್ಲರ್ ನೊರೆಯಲ್ಲೇ ತಿರುಗುತ್ತದೆ. “ಇಳಿಸಿ!” ಎಂದು ನಾನು ಕೂಗುವ ಮೊದಲೇ ಅವರು ಇಳಿಸಿದ್ದರು. ಒಂದು ಕ್ಷಣ ಎಂಜಿನಿನ ಸದ್ದೇ ಇಲ್ಲದಂತಾಯಿತು. ತೆರೆಯ ಸದ್ದು ಮಾತ್ರ. ಮತ್ತೆ ಮೆಲ್ಲಗೆ ತೆರೆದರು. ದಪ್ಪ ದನಿ ಮರಳಿತು. ಆದರೆ ಅವರು ಒಳಗಿನ ದಾರಿ ಹಿಡಿಯಲಿಲ್ಲ. ಹೊರಳಿದ್ದ ಮೂತಿಯನ್ನು ಪೂರ್ತಿ ಹೊರಳಿಸಿ, ಮುಂದಿನ ತೆರೆಗೆ ಎದುರಾಗಿಸಿ, ಕಡಲಿಗೆ ಹೊರಟರು.

ತಡೆಗೋಡೆ ದಾಟಿದ ಮೇಲೆ ಕೇಳಿದರು: “ಮಾಷ್ಟ್ರೆ, ಬದ್ಕಿದ್ರ್ಯಾ?”

“ಬದುಕಿದ್ದೇನೆ.”

“ಹಾಂಗಾರೆ ಪುಸ್ತಕದ್ ಹಾಂಗೆ ಮಾತಾಡುದ್ ಬಿಟ್ಟ್ ನೀರ್ ಮೊಗ್ದ್ ಹಾಕಿ.”

ಡಬ್ಬದಿಂದ ನೀರು ಮೊಗೆದು ಹಾಕುತ್ತ, ಮತ್ತೆ ಅಳಿವೆಗೆ ಹೋಗುವುದೇ ಎಂದು ಕೇಳಿದೆ. ಅವರು ತಲೆಯಾಡಿಸಿದರು.

“ಅಳಿವೆ ಬೇಡ. ನೇರ ಹೋಪತಿಗೆ ಇದ್ ಯಾವತ್ತಾರೂ ಕೈ ಕೊಟ್ಟಿತ್ತಾ?”

“ಇಲ್ಲ.”

“ಹಾಂಗಾರೆ ತಿರ್ಸುದೇ ಬೇಡ. ಕೋಡಿ ದಡಕ್ಕೆ ನೇರ ಹೊಗ್ಸುವ. ನಾನ್ ಹೇಳಿದ್ ಕೂಡ್ಲೆ ನೀವ್ ಇಂಜಿನ್ ಎತ್ತಿ.”

ಕೋಡಿಯ ನಾಡದೋಣಿಗಳು ದಡಕ್ಕೆ ಬರುವುದು ಹಾಗೆಯೇ. ತೆರೆಯ ಬೆನ್ನು ಹತ್ತಿ ನೇರವಾಗಿ ಮರಳಿಗೆ ನುಗ್ಗುವುದು, ತಾಗುವ ಮುನ್ನ ಎಂಜಿನ್ ಎತ್ತುವುದು, ಕೂಡಲೇ ದಡದಲ್ಲಿದ್ದವರು ಹಗ್ಗ ಹಿಡಿದು ಎಳೆಯುವುದು. ದಡದಲ್ಲಿ ಇರುವವರು ಯಾರೇ ಆಗಲಿ, ಬಂದ ದೋಣಿ ಯಾರದೇ ಆಗಲಿ, ಹಗ್ಗಕ್ಕೆ ಕೈ ಹಾಕುತ್ತಾರೆ. ನಾಳೆ ಅವರ ದೋಣಿಗೆ ಇವನ ಕೈ. ಯಾರೂ ಕರೆಯುವುದಿಲ್ಲ, ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಭುಜ ಹೋದ ಮೇಲೂ ನಮ್ಮ ಮಾಲೀಕರು ಎಡಗೈಯಿಂದ ಆ ಸಾಲಿನಲ್ಲಿ ನಿಲ್ಲುವುದನ್ನು ನಾನು ಕಂಡಿದ್ದೆ.

ಅವರು ಎದ್ದು ನಿಂತು ಕೈ ಬೀಸಿದರು. ದಡದಲ್ಲಿ ಬಲೆ ಬಿಡಿಸುತ್ತಿದ್ದವರು ಎದ್ದು ಬಂದರು. ನೇರ ನುಗ್ಗಿದೆವು. “ಎತ್ತಿ!” ಎಂದರು, ಗುಂಡಿ ಒತ್ತಿ ಎತ್ತಿದೆ. ದೋಣಿಯ ತಳ ಮರಳಿಗೆ ಉಜ್ಜಿತು. ನಾನೂ ಇಳಿದು ಹಗ್ಗ ಹಿಡಿದೆ. ದಡದ ತಂಡಕ್ಕೆ ಹಿರಿಯರಾದ ತಾಂಡೇಲರು ಕೂಗು ಹೇಳಿದರು, ಉಳಿದವರು ದನಿಗೂಡಿಸಿದರು. ದೋಣಿ ಹಂತ ಹಂತವಾಗಿ ಒಣಮರಳಿನ ಕಡೆಗೆ ಏರಿತು.

“ಎಂತ ಮಾಷ್ಟ್ರೆ, ದಾರಿ ತಪ್ಪಿ ಬಂದ್ರ್ಯಾ?” ಎಂದರು ತಾಂಡೇಲರು.

ನಾನು ದೋಣಿಯ ಹಿಂಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತೆ. ಮರುದಿನ ಅಧಿಕಾರಿಗೆ ಏನು ಹೇಳುವುದು, ಆ ಅಕ್ಕನಿಗೆ ಏನು ಹೇಳುವುದು ಎಂದು ಯೋಚಿಸುತ್ತ, ದೋಣಿ ಏರಿ ಬಂದ ದಾರಿಯನ್ನು ಸುಮ್ಮನೆ ನೋಡುತ್ತಿದ್ದೆ. ಒದ್ದೆ ಮರಳಿನ ನಟ್ಟನಡುವೆ ಒಂದು ಗೆರೆಯಿತ್ತು. ಆಳವಾದ, ಅಂಚು ಚೂಪಾದ, ಎಳೆದಿಟ್ಟಂತೆ ನೇರವಾದ ಗೆರೆ. ಚಪ್ಪಟೆ ತಳದ ದೋಣಿ ಮರಳಿನಲ್ಲಿ ಅಗಲವಾಗಿ ಉಜ್ಜಿದ ಗುರುತು ಬಿಡಬೇಕು. ನಡುವೆ ಚರಂಡಿ ಕೊರೆಯಬಾರದು. ಆ ಗೆರೆಯನ್ನು ಹಿಂಬಾಲಿಸಿ ಕಣ್ಣೆತ್ತಿದರೆ, ಅದರ ನೇರದಲ್ಲಿಯೇ ಪ್ರೊಪೆಲ್ಲರ್ ಇತ್ತು.

ಮರಳಿನ ಮೇಲೆ ಮಲಗಿ ತಳ ನೋಡಿದೆ. ಮೂತಿಯಿಂದ ಹಿಂಬದಿಯವರೆಗೆ ನಡುವಿನಲ್ಲಿ ಎರಡು ಬೆರಳು ದಪ್ಪದ ಒಂದು ಪಟ್ಟಿ. ಮರದ ರೀಪಿನ ಮೇಲೆ ಫೈಬರ್ ಹಾಕಿ ಕೂರಿಸಿದ್ದು, ದೋಣಿಯದೇ ನೀಲಿ ಬಣ್ಣ ಬಳಿದದ್ದು. ಹಲಗೆಯ ಅಂಚಿಗೆ ಒಂದು ಗೇಣು ಇರುವಾಗ ಅದು ಕತ್ತರಿಸಿದಂತೆ ಮೊಂಡಾಗಿ ನಿಂತಿತ್ತು. ನಾನು ಕೈ ಹಾಕಿ ಮುಟ್ಟಿದ್ದು ಆ ಗೇಣಿನಷ್ಟು ಜಾಗವನ್ನು.

“ಇದೇನು?”

“ಯಾವ್ದ್?” ಎಂದರು ಮಾಲೀಕರು, ಬಗ್ಗಿ ನೋಡಿ. “ಅದಾ? ಅಡಿಪಟ್ಟಿ ಅಲ್ದಾ.”

“ಯಾವಾಗ ಹಾಕಿಸಿದಿರಿ?”

“ತಂದ್ ಕೂಡ್ಲೆ. ನಿಮ್ಮ್ ಶೆಡ್ಡಿಗ್ ಬಪ್ಪುಕ್ ಮುಂಚೆ.”

“ಬದಲಾವಣೆ ಏನಾದರೂ ಮಾಡಿದ್ದೀರಾ ಎಂದು ನಾನು ಕೇಳಿದ್ದೆ.”

“ಇದ್ ಎಂತ ಬದಲಾವಣೆಯಾ ಮಾಷ್ಟ್ರೆ? ದೋಣಿ ಅಂದ್ರೆ ಪಟ್ಟಿ ಇರ್ಕಲ್ದಾ?”

ಅವರ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. ತಾಂಡೇಲರು ದಡದುದ್ದಕ್ಕೂ ಕೈ ತೋರಿದರು. “ಪಟ್ಟಿ ಇಲ್ದಿದ್ ದೋ‌ಣಿ ಕೋಡಿಯಗೆ ಯಾವ್ದಿತ್ತ್, ತೋರ್ಸಿ ಕಾಂಬ.”

ಇರಲಿಲ್ಲ. ಸಾಲಾಗಿ ನಿಂತ ದೋಣಿಗಳ ಅಡಿಯಲ್ಲೆಲ್ಲ ಪಟ್ಟಿಯಿತ್ತು. ದಿನವೂ ಮರಳಿನ ಮೇಲೆ ಎಳೆಯುವ ದೋಣಿಯ ತಳ ಸವೆಯದಿರಲು ಅದು ಬೇಕು. ನಾನೂ ಇದೇ ದಡದಲ್ಲಿ ಬೆಳೆದವನು; ಆ ಪಟ್ಟಿಗಳನ್ನು ದಿನವೂ ಕಂಡು, ದೋಣಿಯ ಮೈಯ ಭಾಗವೆಂದೇ ತಿಳಿದವನು. ಕೇಳಿದ ಪ್ರಶ್ನೆ ಸರಿಯಿತ್ತು, ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು; ಇಬ್ಬರಿಗೂ ಪಟ್ಟಿ ಕಾಣಿಸಲಿಲ್ಲ.

ನಾಡದೋಣಿಯ ಎಂಜಿನ್ ಆಳದಲ್ಲಿ ತೂಗುತ್ತದೆ, ದೋಣಿ ನೀರನ್ನು ಸೀಳುತ್ತ ಸಾಗುತ್ತದೆ. ಪಟ್ಟಿಯಿಂದ ಅದಕ್ಕೆ ತೊಂದರೆಯಿಲ್ಲ. ಈ ದೋಣಿ ನೀರಿನ ಮೇಲೆ ಜಾರುವಂಥದು. ವೇಗದಲ್ಲಿ ಹೋಗುವಾಗ ಪಟ್ಟಿಯ ಮೊಂಡು ತುದಿಯ ಹಿಂದೆ ನೀರು ಸೀಳಿಹೋಗಿ, ಗಾಳಿ ಸೇರಿ, ನೊರೆಯ ಒಂದು ಜಡೆಯಾಗಿ ಹಿಂದಕ್ಕೆ ಹರಿಯುತ್ತದೆ. ನೇರ ಹೋಗುವಾಗ ಅದು ಪ್ರೊಪೆಲ್ಲರಿನ ನಡುಭಾಗಕ್ಕೆ ಮಾತ್ರ ತಾಗುತ್ತದೆ. ಅಲಗುಗಳ ಬುಡದಲ್ಲಿ ಬಣ್ಣ ಚುಕ್ಕಿಯಾಗಿ ಹೋದದ್ದು ಮರಳಿನಿಂದಲ್ಲ, ಇದರಿಂದ. ತಿರುಗಿಸಿದ ಕೂಡಲೇ ದೋಣಿ ವಾಲುತ್ತದೆ, ನೊರೆಯ ಜಡೆ ಇಡೀ ಅಲಗನ್ನು ಸುತ್ತುತ್ತದೆ. ಎಂಜಿನ್ ಇಳಿಸಿದಾಗ ತುಸು ತಡವಾದದ್ದೇಕೆ, ನಾಲ್ಕು ಅಲಗು ಇನ್ನಷ್ಟು ತಡೆದದ್ದೇಕೆ, ಎಲ್ಲಕ್ಕೂ ಉತ್ತರ ಸಿಕ್ಕಿತು. ಲಕ್ಷಣಗಳೆಲ್ಲ ಒಂದೇ ಕಾರಣಕ್ಕೆ ಒಪ್ಪಿದವು.

“ಹಿಂದಿನ ನಾಲ್ಕಡಿಯನ್ನು ಕತ್ತರಿಸಬೇಕು,” ಎಂದೆ. “ಉಳಿದದ್ದರ ತುದಿಯನ್ನು ಇಳಿಜಾರಾಗಿ ಉಜ್ಜಬೇಕು.”

ಮಾಲೀಕರು ಪಟ್ಟಿಯ ಮೇಲೆ ಎಡಗೈ ಆಡಿಸಿದರು. ಕೊನೆಗೆ ಮೆಲ್ಲಗೆ ಹೇಳಿದರು: “ಪಟ್ಟಿ ತೆಗ್ದ್ರೆ ಇದನ್ನ ದಡಕ್ಕೆ ಎಳೂಕಾತಿಲ್ಲೆ ಮಾಷ್ಟ್ರೆ. ಒಂದ್ ಮಳೆಗಾಲದೊಳಗೆ ಅಡಿ ತೂತಾತ್ತ್. ಜೆಟ್ಟಿಯಗೇ ಕಟ್ಕ್. ದೋಣಿ ಅಲ್ಲಿ, ನಾನಿಲ್ಲಿ. ಈ ಹಗ್ಗಕ್ಕೂ ನಂಗೂ ಮತ್ತೆ ಎಂತ ಸಂಬಂಧ?”

ಅವರ ಭುಜದ ವಿಷಯ ಗೊತ್ತಿದ್ದ ನನಗೆ ಈ ಮಾತಿನ ಭಾರ ತಿಳಿಯಿತು. ಕತ್ತರಿಸಲೇಬೇಕೆಂದು ಮತ್ತೆ ಹೇಳಲು ನಾಲಿಗೆ ಏಳಲಿಲ್ಲ.

ಹೇಳಿದ್ದು ಅವರ ಹೆಂಡತಿ. ಅಳಿವೆಯಲ್ಲಿ ನಡೆದದ್ದನ್ನು ತಡೆಗೋಡೆಯ ಮೇಲಿದ್ದವರು ಯಾರೋ ಮಾರುಕಟ್ಟೆಗೆ ಫೋನ್ ಮಾಡಿದ್ದರು. ರಿಕ್ಷಾದಿಂದ ಇಳಿದು ಮರಳಿನಲ್ಲಿ ನಡೆದು ಬಂದವರು ಬುಟ್ಟಿಯನ್ನು ನೆಲಕ್ಕಿಟ್ಟು, ಗಂಡನ ಒದ್ದೆ ಅಂಗಿಯನ್ನೊಮ್ಮೆ, ನನ್ನ ಒದ್ದೆ ಅಂಗಿಯನ್ನೊಮ್ಮೆ ನೋಡಿದರು. ವಿಷಯ ಕೇಳಿ ತಿಳಿದುಕೊಂಡರು.

“ಅಡಿ ತೂತಾದ್ರೆ ಗಂಗೊಳ್ಳಿಗ್ ಹೋಯಿ ಫೈಬರಿನವನ್ನ ನಾನೇ ಕರ್ಕಂಡ್ ಬತ್ತೆ. ನಿಮ್ಮನ್ ಎಲ್ಲಿಂದ ಕರ್ಕಂಡ್ ಬಪ್ಪುದ್?” ಎಂದರು ಗಂಡನಿಗೆ. ಆಮೇಲೆ ತಾಂಡೇಲರ ಕಡೆ ತಿರುಗಿದರು. “ಹ್ವಾಯ್, ಇಷ್ಟ್ ಜನ ಗಂಡಸ್ರ್ ಇದ್ರಿ. ಹಿಂದ್ ನೆಲಕ್ ತಾಗ್ದಿದ್ದಾಂಗೆ ಎತ್ತಿ ಹಿಡ್ಕಂಬುಕ್ ಆತಿಲ್ಯಾ?”

ತಾಂಡೇಲರು ಗಲ್ಲ ತುರಿಸಿಕೊಂಡರು. “ಎತ್ತುಕೇನ್, ಆತ್ತ್. ಎರಡ್ ಬಿದಿರ್ ಅಡ್ಡ ಕೊಟ್ರಾಯ್ತ್. ಮದುಮಗಳನ್ ಹೊತ್ತಾಂಗೆ ಹೊತ್ತ್ ತಪ್ಪ.”

“ಮದುಮಗಳಾದ್ರೂ ಅಕ್ಕ್, ಮಂಚ ಆದ್ರೂ ಅಕ್ಕ್. ಕತ್ರ್ಸಿ ಮಾಷ್ಟ್ರೆ.”

ಬಲೆಶೆಡ್ಡಿನಿಂದ ವಯರ್ ಎಳೆದು ಗ್ರೈಂಡರ್ ಹಚ್ಚಿದೆ. ಫೈಬರಿನ ಧೂಳು ಕಣ್ಣು ಮೂಗಿಗೆಲ್ಲ ತುಂಬಿತು. ಹಿಂದಿನ ತುಂಡು ಕಳಚಿ ಬಿದ್ದ ಮೇಲೆ, ಉಳಿದ ತುದಿಯನ್ನು ಒಂದು ಮೊಳದಷ್ಟು ಉದ್ದಕ್ಕೆ ಇಳಿಜಾರಾಗಿ ಉಜ್ಜಿ, ಬೆರಳು ಎಲ್ಲಿಯೂ ತಡೆಯದಂತೆ ನುಣುಪು ಮಾಡಿ, ಮೇಲೊಂದು ಕೋಟು ರೆಸಿನ್ ಹಚ್ಚಿದೆ. ಬೇರೇನನ್ನೂ ಮುಟ್ಟಲಿಲ್ಲ. ಎಂಜಿನ್ ಕೆಳಗಿನ ತೂತಿನಲ್ಲಿಯೇ ಇರಲಿ, ನಾಲ್ಕು ಅಲಗು ಹಾಗೆಯೇ ಇರಲಿ ಎಂದು ಬಿಟ್ಟೆ. ಹೆದರಿದ ಹೊತ್ತಿನಲ್ಲಿಯೇ ನಿಯಮವನ್ನು ಹೆಚ್ಚು ಬಿಗಿಯಾಗಿ ಹಿಡಿಯಬೇಕು.

ಬೆಳಿಗ್ಗೆ ತಂಡದವರು ಹಿಂಬದಿಯನ್ನು ಬಿದಿರಿನಲ್ಲಿ ಎತ್ತಿ ಹಿಡಿದು ದೋಣಿಯನ್ನು ನೀರಿಗಿಳಿಸಿದರು. ಭರತ ಏರಿದ್ದರಿಂದ ಅಳಿವೆಯ ತೆರೆ ತಗ್ಗಿತ್ತು, ದಿಬ್ಬದ ಬದಿಯಲ್ಲಿ ಬಳಸಿ ಬರಲು ನೀರಿತ್ತು. ಎಂಜಿನಿಗೆ ಬಲ ಕೊಡದೆ ಮೆಲ್ಲಗೆ ಹೊಳೆಗೆ ತಂದೆವು. ಅಲ್ಲಿ, ಶಾಂತ ನೀರಿನಲ್ಲಿ, ಥ್ರಾಟಲ್ ಪೂರ್ತಿ ತೆರೆದು ಚಿಕ್ಕದಾಗಿ ತಿರುಗಿಸಲು ಹೇಳಿದೆ. ಅವರು ನನ್ನ ಮುಖ ನೋಡಿ ತಿರುಗಿಸಿದರು. ದೋಣಿ ವಾಲಿತು. ಕಿವಿಗೊಟ್ಟು ಕಾದೆ. ದಪ್ಪ ದನಿ ದಪ್ಪವಾಗಿಯೇ ಉಳಿಯಿತು. ಇನ್ನೂ ಚಿಕ್ಕದಾಗಿ ತಿರುಗಿಸಿದರು. ನಮ್ಮ ತೆರೆಯನ್ನು ನಾವೇ ದಾಟಿದೆವು, ಮುಳ್ಳು ಅಲುಗಲಿಲ್ಲ. ತುಂತುರು ಏಳುವುದು ಮಾತ್ರ ಇತ್ತಾದ್ದರಿಂದ ಎಂಜಿನನ್ನು ಒಂದು ತೂತು ಮೇಲೆ ಬಿಗಿದು, ಮತ್ತೆ ಅದೇ ಪರೀಕ್ಷೆ ಮಾಡಿದೆವು. ವೇಗ ಮರಳಿತು, ಹಿಡಿತ ಬಿಡಲಿಲ್ಲ.

ಅಧಿಕಾರಿ ಮಿತಭಾಷಿ. ಮರಳಿನ ಚೀಲಗಳನ್ನು ಎಣಿಸಿ, ಲೈಫ್ ಜಾಕೆಟ್ ತೊಟ್ಟು ಮುಂದಿನ ಸೀಟಿನಲ್ಲಿ ಕುಳಿತರು. ನಾನು ಹಿಂದೆ, ಎಂಜಿನಿನ ಪಕ್ಕದಲ್ಲಿ. ಕೋಡಿ ಕಡೆಯ ತಡೆಗೋಡೆಯ ಮೇಲೆ ಬುಟ್ಟಿಯೊಂದಿಗೆ ಒಬ್ಬರು ನಿಂತಿದ್ದರು. ಗಂಡನೂ ನೋಡಿದರು, ನಾನೂ ನೋಡಿದೆ.

ಹೊರಗೆ ಹೋಗಿ ತಿರುಗಿ, ತೆರೆಗಳಿಗಾಗಿ ಕಾಯುವ ಹೊತ್ತಿಗೆ ಭರತ ಇಳಿಯತೊಡಗಿತ್ತು. ದಿಬ್ಬದ ಮೇಲೆ ಮತ್ತೆ ನೊರೆ ಕಾಣಿಸಿತು. “ಹಿಡ್ಕಣಿ,” ಎಂದರು. ತಡೆಗೋಡೆಗಳು ಹತ್ತಿರ ಬಂದವು. ಈ ಸಲ ನಾನು ಹಿಂದೆ ನೋಡಲಿಲ್ಲ. ಎಂಜಿನಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದೆ. ಸದ್ದು ಬದಲಾಗುವ ಮೊದಲು ಕಂಪನ ಬದಲಾಗುತ್ತದೆ. ದೋಣಿ ವಾಲಿತು. ಹಿಂಬದಿ ಏಳತೊಡಗಿತು. ಅಂಗೈಯ ಕೆಳಗೆ ಎಂಜಿನ್ ಭಾರವಾಗಿ, ಒಂದೇ ಸಮನೆ ದುಡಿಯುತ್ತಿತ್ತು. ಕಣ್ಣು ತೆರೆದಾಗ ದಿಬ್ಬ ನಮ್ಮ ಹಿಂದಿತ್ತು.

“ಇನ್ನೊಮ್ಮೆ,” ಎಂದರು ಅಧಿಕಾರಿ.

ಇನ್ನೊಮ್ಮೆ ಹೋಗಿ ಬಂದೆವು. ಜೆಟ್ಟಿಯಲ್ಲಿ ಇಳಿದು, ಜಾಕೆಟ್ ಬಿಚ್ಚಿಕೊಡುತ್ತ, ಅನುಮತಿಗೆ ಬರೆಯುವುದಾಗಿ ಹೇಳಿ ಅವರು ಜೀಪು ಹತ್ತಿದರು. ಮಾಲೀಕರು ಸ್ಟಿಯರಿಂಗಿನ ಹಿಂದೆಯೇ ಕುಳಿತಿದ್ದರು.

ಆಕೆ ತಡೆಗೋಡೆಯಿಂದ ನಡೆದು ಬರಲು ಸ್ವಲ್ಪ ಹೊತ್ತಾಯಿತು. ಬಂದು ಜೆಟ್ಟಿಯ ಅಂಚಿನಲ್ಲಿ ನಿಂತರು. ದೋಣಿಯೊಳಗೆ ಬಗ್ಗಿ ನೋಡಿ, ಐಸ್ ಪೆಟ್ಟಿಗೆಯ ಕಡೆ ಬೆರಳು ತೋರಿದರು.

“ಎಂತ ಕಾಂತಾ ಕೂಕಂಡಿದ್ರಿ ಇಬ್ರೂ? ಅದ್ರಗಿನ ಹೊಯ್ಗಿ ತೆಗೀನಿ. ಐಸ್ ಎಲ್ ಹಾಕುದ್ ನಾನ್?”

ನಾನು ಪೆಟ್ಟಿಗೆಯ ಮುಚ್ಚಳ ತೆರೆದು ಮರಳಿನ ಮೊದಲ ಚೀಲ ಎತ್ತಿದೆ. ಮಾಲೀಕರು ಎದ್ದು, ಎಡಗೈ ಚಾಚಿ, ಅದರ ಇನ್ನೊಂದು ತುದಿ ಹಿಡಿದರು.